ಅಂಧೇರಿಯಲ್ಲಿ ಹವಾಪಾಲಟ

ಹವಾಪಾಲಟ ಎಂಬ ಮಾತು ಈಗ ಕಿವಿಗೆ ಬೀಳುವುದೇ ಅಪರೂಪ. ಜನ ಈಗಲೂ ರಜೆಗೆ ಹೋಗುತ್ತಾರೆ, ಪ್ರವಾಸಕ್ಕೆ ಹೋಗುತ್ತಾರೆ, ಮಾಡಿದ ಪಾಪವನ್ನೆಲ್ಲ ನಾಲ್ಕು ದಿನಗಳಲ್ಲಿ ತೊಳೆದು ಬರುವಂಥ ಯಾತ್ರೆಗಳಿಗೂ ಹೋಗುತ್ತಾರೆ. ಆದರೆ ಬರೀ ಗಾಳಿಯನ್ನು ಬದಲಾಯಿಸುವುದಕ್ಕೆಂದು ಹಾಸಿಗೆ ಸುತ್ತಿಕೊಂಡು ಊರು ಬಿಡುವವರು ನನ್ನ ಬಳಗದಲ್ಲಂತೂ ಯಾರೂ ಉಳಿದಿಲ್ಲ. ನಾನು ಮದುವೆಯಾಗಿ ಮಾಟುಂಗಕ್ಕೆ ಬಂದ ಹೊಸದರಲ್ಲಿ, ಎಂದರೆ ಧಾರವಾಡವೂ ಮುಂಬಯಿಯೂ ಇನ್ನೂ ಒಂದೇ ರಾಜ್ಯದ ಎರಡು ಮೂಲೆಗಳಾಗಿದ್ದ ಕಾಲದಲ್ಲಿ, ಈ ಮಾತಿಗೆ ದೊಡ್ಡ ಮರ್ಯಾದೆಯಿತ್ತು. ನಮ್ಮ ಬಿಲ್ಡಿಂಗಿನ ಹೆಂಗಸರು ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತಾಗ ಒಬ್ಬರು ಮಾಥೇರಾನದ ಗಾಳಿಯನ್ನೂ ಇನ್ನೊಬ್ಬರು ಲೋಣಾವಳೆಯ ಗಾಳಿಯನ್ನೂ ಹೊಗಳುವರು. ಪಂಚಗಣಿಗೆ ಹೋಗಿ ಬಂದವರಂತೂ ನಾವು ಉಸಿರಾಡುವುದನ್ನೇ ಮರುಕದಿಂದ ನೋಡುವರು. ಒಂದು ವರ್ಷ ಅವರೆಲ್ಲ ನನ್ನ ಕಡೆಗೆ ತಿರುಗಿ, ನಿಮ್ಮ ಹವಾಪಾಲಟ ಎಲ್ಲಿ ಆಯಿತು ಎಂದು ಕೇಳಿದಾಗ ನಾನು "ಅಂಧೇರಿ" ಎಂದೆ. ತುಂಬಿದ ಕೊಡಗಳು ತುಳುಕುವಷ್ಟು ನಕ್ಕರು.

ನಕ್ಕದ್ದರಲ್ಲಿ ಅವರ ತಪ್ಪೇನೂ ಇಲ್ಲ. ಮಾಟುಂಗದಿಂದ ಅಂಧೇರಿಗೆ ಲೋಕಲಿನಲ್ಲಿ ಕುಳಿತರೆ, ಕಿಟಕಿಯ ಪಕ್ಕದವರ ಜೊತೆ ಮಾತು ಕುದುರುವುದರೊಳಗೆ ಇಳಿಯುವ ಹೊತ್ತು ಬರುತ್ತದೆ. ಹೆಸರಿನಲ್ಲೇ ಅಂಧಕಾರವನ್ನು ಹೊತ್ತುಕೊಂಡ ಊರಿಗೆ ಆರೋಗ್ಯದ ಬೆಳಕನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ನಾನೂ ಹುಡುಕಿಕೊಂಡು ಹೋದವಳಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮರಳಬೇಕೆಂದು ಅಕ್ಕಿಯನ್ನು ಆರಿಸಿಟ್ಟು ಹೋಗಿದ್ದೆ. ಆ ಅಕ್ಕಿಯನ್ನು ಕೊನೆಗೆ ನಮ್ಮವರೇ ಬೇಯಿಸಿಕೊಂಡರಂತೆ, ಅದೂ ಅರ್ಧ.

ನಡೆದದ್ದು ಹೀಗೆ. ನನ್ನ ಅತ್ತೆ ಗಂಗಾಬಾಯಿಯವರು ಧಾರವಾಡದಿಂದ ಬಂದಿದ್ದರು. ಮಾವನವರು ನಿವೃತ್ತ ಮಾಸ್ತರರು; ಅವರನ್ನೂ ಮನೆಯನ್ನೂ ನಾದಿನಿಗೆ ಒಪ್ಪಿಸಿ ಅತ್ತೆ ಇಷ್ಟು ದೂರ ಬಂದದ್ದಕ್ಕೆ ಒಂದೇ ಕಾರಣ, ನಾನು ಬಸುರಿಯಾಗಿದ್ದೆ. ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲಿದ್ದಾಗಲೇ ಹೋಗಿತ್ತು. ಅದನ್ನು ಯಾರೂ ನನ್ನೆದುರು ಆಡುತ್ತಿರಲಿಲ್ಲ. ಆಡದೆ ಇರುವುದೂ ಒಂದು ಬಗೆಯ ಆಡುವುದೇ ಎಂದು ನನಗೆ ಅನಿಸುತ್ತಿತ್ತು. ಅತ್ತೆಯವರು ಬಂದ ದಿನದಿಂದ ನನ್ನ ಊಟ, ನಿದ್ದೆ, ಏಳುವುದು, ಬಗ್ಗುವುದು ಎಲ್ಲಕ್ಕೂ ಒಂದು ಶಾಸನ ಜಾರಿಗೆ ಬಂತು. ಅವರು ಗದರುವವರಲ್ಲ, ಆದರೆ ನೋಡುವವರು. ಅವರ ನೋಟಕ್ಕೆ ಹೆದರಿ ನಾನು ಕೈಯಲ್ಲಿದ್ದ ಪುಸ್ತಕವನ್ನು ಎಷ್ಟೋ ಸಲ ತಲೆಕೆಳಗಾಗಿ ಹಿಡಿದದ್ದುಂಟು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಹೆಚ್ಚು ದಿನ ಇದ್ದವರೇ ಅಲ್ಲ. ನನಗೆ ಅವರು ಗೌರವದ ವಿಷಯ. ಅವರಿಗೆ ನಾನು ಬಹುಶಃ ಅನುಮಾನದ ವಿಷಯ.

ಹೀಗಿರುವಾಗ ಕೆಳಗಿನ ಮನೆಯ ಮರಾಠಿ ಅಜ್ಜಿಯೊಬ್ಬರು, ಅಂಧೇರಿಯ ಆಚೆಗೆ ಗುಡ್ಡದ ಗವಿಯೊಳಗೆ ಮಹಾಕಾಳಿ ಇದ್ದಾಳೆ, ಬಸುರಿಯರನ್ನು ಕಾಯುತ್ತಾಳೆ ಎಂದು ಅತ್ತೆಯವರ ಕಿವಿಯಲ್ಲಿ ಹಾಕಿದರು. ಧಾರವಾಡದವರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಬರದಿದ್ದರೆ ನನ್ನ ಕಾಲು ಉಳಿಯುತ್ತಿತ್ತು. ನಮ್ಮವರು "ಅಲ್ಲೆಲ್ಲ ಗಾಡಿರಸ್ತೆ, ಇವಳಿಗೆ ಕುಲುಕಾಟ ಬ್ಯಾಡವಾ" ಎಂದು ಮೆಲ್ಲಗೆ ಹೇಳಿ ನೋಡಿದರು. "ದೇವರ ಹಾದಿ ಕುಲುಕಂಗಿಲ್ಲ" ಎಂದು ಅತ್ತೆ ತೀರ್ಮಾನ ಕೊಟ್ಟರು. ನಮ್ಮವರು ಮುಂಬಯಿಯ ಫೋರ್ಟಿನ ಕಡೆಗಿದ್ದ ತಮ್ಮ ವಿಮಾ ಕಚೇರಿಗೆ ಹೋದರು, ನಾವಿಬ್ಬರೂ ಹಣ್ಣುಕಾಯಿಯ ಚೀಲ ಹಿಡಿದು ಅಂಧೇರಿಯ ಗಾಡಿ ಹತ್ತಿದೆವು.

ಇಂದು ಅಂಧೇರಿಯನ್ನು ಕಂಡವರಿಗೆ ಅಂದಿನ ಅಂಧೇರಿಯನ್ನು ಹೇಗೆ ನಂಬಿಸಲಿ? ಸ್ಟೇಷನ್ನಿನ ಹೊರಗೆ ಟಾಂಗಾಗಳು ನಿಂತಿದ್ದವು. ಸ್ವಲ್ಪ ದೂರ ಹೋಗುವುದರೊಳಗೆ ಅಂಗಡಿಗಳು ಮುಗಿದು, ಕೊಯ್ದ ಭತ್ತದ ಗದ್ದೆಗಳು ಆರಂಭವಾದವು. ತಾಳೆಮರಗಳು, ಕೆಂಪು ಹೆಂಚಿನ ಮನೆಗಳು, ದಾರಿಯ ತಿರುವಿನಲ್ಲಿ ಸುಣ್ಣ ಬಳಿದ ಶಿಲುಬೆಗಳು, ಆಚೆ ಒಂದು ಇಗರ್ಜಿ, ಎಂದರೆ ಚರ್ಚು. ಅಲ್ಲಿನ ಹಳ್ಳಿಗರು ಬಹುಪಾಲು ತಲೆತಲಾಂತರದಿಂದ ಗದ್ದೆ ಮಾಡಿಕೊಂಡಿದ್ದ ಕ್ರೈಸ್ತರು; ಮನೆಯಲ್ಲಿ ಅವರಾಡುವುದು ಒಂದು ಬಗೆಯ ಮರಾಠಿ. ಹೆಂಗಸರು ನಮ್ಮ ಅತ್ತೆಯವರ ಹಾಗೆಯೇ ಕಚ್ಚೆ ಹಾಕಿ ಸೀರೆ ಉಡುವುದನ್ನು ಕಂಡು ಅತ್ತೆಯವರು ಮೆಚ್ಚಿದರು, ಕೊರಳಿನ ಶಿಲುಬೆಯನ್ನು ಕಂಡು ಮೆಚ್ಚಿಕೆಯನ್ನು ಹಿಂತೆಗೆದುಕೊಂಡರು.

ಗವಿಯಲ್ಲಿ ನಮಗೆ ಕಂಡದ್ದು, ನನ್ನ ಕಾಲೇಜಿನ ಚರಿತ್ರೆಯ ಪಾಠದ ಪ್ರಕಾರ, ಬೌದ್ಧರ ಸ್ತೂಪ. ಅತ್ತೆಯವರು ಅದಕ್ಕೆ ಕುಂಕುಮ ಏರಿಸಿ, ಕಾಯಿ ಒಡೆದು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಪಾಂಡಿತ್ಯವನ್ನು ಪ್ರದರ್ಶಿಸುವುದಕ್ಕೆ ಬಸುರಿ ಸೊಸೆಗೆ ಅದು ತಕ್ಕ ಸ್ಥಳವಲ್ಲವೆಂದು ನಾನು ಬಾಯಿ ಮುಚ್ಚಿಕೊಂಡು ಕೈಮುಗಿದೆ. ಇಳಿಯುವಾಗ, ಮಳೆನೀರು ಹರಿದು ಹರಿದು ನುಣುಪಾದ ಬಂಡೆಯೊಂದರ ಮೇಲೆ ನನ್ನ ಬಲಗಾಲು ಜಾರಿತು. ಜಾರಿದ್ದು ಮೊಳದಷ್ಟು. ಕಣಕಾಲು ಒಳಗೆ ತಿರುಚಿದ ಸದ್ದು ನನಗೇ ಕೇಳಿಸಿತು. ನಾನು ಎರಡೂ ಕೈಯಿಂದ ಹೊಟ್ಟೆಯನ್ನು ಹಿಡಿದುಕೊಂಡೇ ಬಿದ್ದೆ. ಆಧಾರಕ್ಕೆ ಒಂದು ಕೈ ಊರಿದ್ದರೆ ಕಾಲು ಉಳಿಯುತ್ತಿತ್ತೇನೋ, ಆದರೆ ಆ ಕ್ಷಣಕ್ಕೆ ನನ್ನ ದೇಹದಲ್ಲಿ ಕಾಲು ಎಂಬುದೊಂದು ಇದೆಯೆಂಬುದೇ ನನಗೆ ನೆನಪಿರಲಿಲ್ಲ.

ಅತ್ತೆಯವರು ಕೂಗಿದರು. ಆ ಸಣ್ಣ ಮೈಯಲ್ಲಿ ಅಂಥ ಧ್ವನಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ಕೆಳಗಿನ ಗದ್ದೆಯಲ್ಲಿ ಹುಲ್ಲು ಕಟ್ಟುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು, ಓಡಿ ಬಂದಳು, ನನ್ನನ್ನು ನೋಡಿದ ಕೂಡಲೆ ಕಾಲಿನ ಕಡೆಗಲ್ಲ ಹೊಟ್ಟೆಯ ಕಡೆಗೆ ಕಣ್ಣು ಹಾಯಿಸಿ, ಮತ್ತೆ ಕೆಳಗೋಡಿ, ತನ್ನ ಮಗನನ್ನೂ ಇನ್ನಿಬ್ಬರು ಗಂಡಸರನ್ನೂ ಒಂದು ಹಗ್ಗದ ಮಂಚದೊಡನೆ ಕರೆತಂದಳು. ಅವಳೇ ರೋಜಾ ಮಾಯ್. ಮಾಯ್ ಎಂದರೆ ತಾಯಿ. ಊರಿಗೂರೇ ಅವಳನ್ನು ಹಾಗೆ ಕರೆಯುತ್ತಿತ್ತು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮಗ ಪಾಸ್ಕು ಪರೇಲಿನ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅಂದು ಅವನಿಗೆ ರಾತ್ರಿಯ ಪಾಳಿ ಇದ್ದದ್ದು ನನ್ನ ಪುಣ್ಯ. ನನ್ನನ್ನು ಮಂಚದ ಮೇಲೆ ಮಲಗಿಸಿ, ಹಬ್ಬದ ಮೂರ್ತಿಯನ್ನು ಹೊತ್ತಂತೆ ಒಂದಿಷ್ಟೂ ಅಲುಗದ ಹಾಗೆ ಗುಡ್ಡ ಇಳಿಸಿ, ಗುಡ್ಡದ ಬುಡದಲ್ಲಿದ್ದ ತಮ್ಮ ಮನೆಯ ಪಡಸಾಲೆಗೆ ತಂದು ಇಳಿಸಿದರು.

ಸಂಜೆಯೊಳಗೆ ಅಂಧೇರಿಯಿಂದ ಡಾಕ್ಟರು ಸೈಕಲ್ಲಿನ ಮೇಲೆ ಬಂದರು. ಅಷ್ಟರಲ್ಲಿ ನನ್ನ ಸೀರೆಯಲ್ಲಿ ಸ್ವಲ್ಪ ಕೆಂಪು ಕಂಡಿತ್ತು. ನನಗೆ ಆಗ ಐದನೆಯ ತಿಂಗಳು ಹಿಡಿದಿತ್ತಷ್ಟೆ. ಆ ವಾರವೇ ಒಂದೆರಡು ಸಲ ಹೊಟ್ಟೆಯೊಳಗೆ ಯಾರೋ ಬೆರಳ ತುದಿಯಿಂದ ಮುಟ್ಟಿದಂತೆ ಆಗಿತ್ತು. ಬಿದ್ದ ಮೇಲೆ ಅದು ಇರಲಿಲ್ಲ. ಡಾಕ್ಟರು ಕಾಲಿಗೆ ದಬ್ಬೆ ಕಟ್ಟಿ, ಬಾವು ಇಳಿದ ಮೇಲೆ ಪ್ಲಾಸ್ಟರ್ ಹಾಕುವೆನೆಂದು ಹೇಳಿ, ಅತ್ತೆಯವರನ್ನು ಹೊರಗೆ ಕರೆದು ಮರಾಠಿಯಲ್ಲಿ ಮಾತಾಡಿದರು. ಪಡಸಾಲೆಯ ಕಿಟಕಿಗೆ ಬಾಗಿಲಿರಲಿಲ್ಲ. "ಎಲುಬು ಕೂಡುತ್ತದೆ, ಅದಕ್ಕೆ ನಾನು ಜವಾಬ್ದಾರ. ಇನ್ನೊಂದರ ಮಾತು ಈಗ ಹೇಳಲಾರೆ. ಆದರೆ ಇವಳನ್ನು ಟಾಂಗಾದಲ್ಲಿ ಕೂಡಿಸಿದರೆ ಏನಾಗುತ್ತದೆಂದು ಮಾತ್ರ ಈಗಲೇ ಹೇಳಬಲ್ಲೆ. ಇಲ್ಲೇ ಮಲಗಿರಲಿ."

ಇಲ್ಲೇ ಎಂದರೆ ಕ್ರೈಸ್ತರ ಮನೆಯಲ್ಲಿ. ಅತ್ತೆಯವರ ಬಗ್ಗೆ ನಾನಿನ್ನೂ ಹೇಳದ ಮಾತೊಂದಿದೆ: ಅವರ ಮಡಿ. ಮಾಟುಂಗದ ನಲ್ಲಿಯ ನೀರನ್ನೇ ಎರಡು ಸಲ ಸೋಸಿ, ಅದು ಯಾವ ಯಾವ ಬೀದಿಯ ಕೆಳಗೆ ಹರಿದು ಬಂದಿದೆಯೋ ಎಂದು ನಿಟ್ಟುಸಿರು ಬಿಟ್ಟು ಕುಡಿಯುತ್ತಿದ್ದವರು. ಪಾಸ್ಕು ಮುಟ್ಟಿಸಿದ ಸುದ್ದಿಗೆ ಕಚೇರಿಯಿಂದ ಓಡಿ ಬಂದ ನಮ್ಮವರು ನನ್ನ ತಲೆಯ ಹತ್ತಿರ ಕೂತು, ನನ್ನ ಕಾಲನ್ನು ನೋಡಲಾರದೆ, ತಾಯಿಯ ಮುಖವನ್ನು ನೋಡಲಾರದೆ, ಕೊನೆಗೆ ಗೋಡೆಯ ಮೇಲಿದ್ದ ಏಸುವಿನ ಪಟವನ್ನು ದಿಟ್ಟಿಸುತ್ತ, "ಅವ್ವಾ, ನೀ ಮಾಟುಂಗಕ್ಕ ನಡಿ, ನಾ ರಜಾ ಹಾಕಿ ಇಲ್ಲೇ ಇರ್ತೀನಿ" ಎಂದರು. ಅತ್ತೆಯವರು ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು.

"ನಿನಗ ಒಂದು ಲೋಟಾ ನೀರು ಕಾಸಲಿಕ್ಕೆ ಬರಂಗಿಲ್ಲ. ಹೋಗಿ ನನ್ನ ಪಾತೇಲಿ, ಒಂದು ಬಿಂದಿಗಿ, ಅಕ್ಕಿ, ಬ್ಯಾಳಿ ತೊಗೊಂಡು ಬಾ. ಇಕೀನ್ನ ಬಿಟ್ಟು ನಾ ಎಲ್ಲೂ ಬರಂಗಿಲ್ಲ."

ಮರುದಿನದಿಂದ ಮನೆಯ ಹಿಂದಿನ ಹುಣಸೆಮರದ ಕೆಳಗೆ ಮೂರು ಕಲ್ಲಿನ ಒಂದು ಸ್ವತಂತ್ರ ಸಂಸ್ಥಾನ ಸ್ಥಾಪನೆಯಾಯಿತು. ಗಡಿರೇಖೆಗೆ ರಂಗೋಲಿ. ಕೋಳಿಗಳಿಗೆ ರಂಗೋಲಿಯ ಭಾಷೆ ಬರುತ್ತಿರಲಿಲ್ಲ. ಹಂದಿಗಂತೂ ಯಾವ ಗಡಿಯ ಮೇಲೂ ನಂಬಿಕೆಯಿರಲಿಲ್ಲ. ನೀರಿನ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಬಾವಿ ಒಂದೇ. ಅತ್ತೆಯವರು ಬಹಳ ಯೋಚಿಸಿ, ಬಾವಿ ಭೂಮಿತಾಯಿಯದು, ಹಗ್ಗ ಮಾತ್ರ ಮನುಷ್ಯರದು ಎಂದು ನಿರ್ಣಯಿಸಿ, ನಮ್ಮವರಿಂದ ಬೇರೊಂದು ಹಗ್ಗ ತರಿಸಿದರು. ರೋಜಾ ಮಾಯ್ ಇದನ್ನೆಲ್ಲ ಹೊಸ್ತಿಲ ಮೇಲೆ ನಿಂತು ನೋಡಿದಳು. ಬೇಸರಪಟ್ಟಾಳೆಂದು ನಾನು ಮಲಗಿದಲ್ಲೇ ನಾಚಿಕೆಯಿಂದ ಮುದುಡಿದೆ. ಅವಳು ಮಾತ್ರ ಹಂದಿಯನ್ನು ಕಟ್ಟಿಹಾಕಿ ಬಂದು, "ಬಾಯ್, ನಮ್ಮ ಮನೆಯ ಒಲೆಗೆ ನೀವು ಹೆದರಬೇಡಿ. ಈಸ್ಟರ್‌ವರೆಗೆ ನಮ್ಮ ಉಪವಾಸದ ಕಾಲ. ಮಾಂಸ ಇಲ್ಲ, ಮೀನಿಲ್ಲ. ಬೇರೆಯವರು ವಾರಕ್ಕೆರಡು ದಿನ ಬಿಡುತ್ತಾರೆ, ನಾನು ಪೂರ್ತಿ ಬಿಡುತ್ತೇನೆ" ಎಂದಳು.

ಅತ್ತೆಯವರು ಸೌದೆ ಮುರಿಯುತ್ತಿದ್ದವರು ನಿಂತರು. ಉಪವಾಸ ಎಂಬ ಶಬ್ದಕ್ಕೆ ಅವರಲ್ಲಿದ್ದ ಮನ್ನಣೆ ಅಷ್ಟಿಷ್ಟಲ್ಲ. "ಪೂರ್ತಿ?" ಎಂದು ಕೇಳಿದರು. "ಪೂರ್ತಿ. ಶುಕ್ರವಾರ ಸಂಜೆಯ ಗಂಟೆ ಹೊಡೆಯುವ ತನಕ ನೀರೂ ಇಲ್ಲ." ಅತ್ತೆಯವರು ತಾವು ಏಕಾದಶಿಗೆ ಮರುದಿನ ಬೆಳಗಿನ ತನಕ ನೀರು ಮುಟ್ಟುವುದಿಲ್ಲವೆಂದು ತಿಳಿಸಿದರು. ಹೀಗೆ ಪರಿಚಯವಾಯಿತು, ಹೀಗೆಯೇ ಪೈಪೋಟಿಯೂ ಹುಟ್ಟಿತು. ಬಂದ ಶುಕ್ರವಾರ ಅತ್ತೆಯವರು ಸಂಕಷ್ಟಿಯಿಲ್ಲದಿದ್ದರೂ ಏನನ್ನೂ ತಿನ್ನಲಿಲ್ಲ. ಮುಂದಿನ ಏಕಾದಶಿಗೆ ರೋಜಾ ಮಾಯ್ ತನಗೆ ಹಸಿವಿಲ್ಲವೆಂದಳು. ಒಬ್ಬರ ಮರಾಠಿ ಧಾರವಾಡದ್ದು, ಇನ್ನೊಬ್ಬರದು ಸಾಷ್ಟಿ ಎಂಬ ಆ ಸೀಮೆಯ ಗದ್ದೆಯದು. ಎರಡೂ ಎದುರಾದರೆ ಒಂದನ್ನೊಂದು ಗುರುತಿಸುವಂತಿರಲಿಲ್ಲ. ಆದರೂ ಇಬ್ಬರಿಗೂ ತಮ್ಮ ತಮ್ಮ ನಿಯಮಗಳ ಕಾಠಿನ್ಯವನ್ನು ವರ್ಣಿಸಲು ಶಬ್ದಗಳಿಗೆ ಎಂದೂ ಬರ ಬರಲಿಲ್ಲ. ಇಬ್ಬರು ಉಪವಾಸಿಗಳ ನಡುವೆ ಉಣ್ಣುವ ಬಾಯಿ ನನ್ನದೊಂದೇ. ತಾವು ಬಿಟ್ಟದ್ದನ್ನೆಲ್ಲ ಇಬ್ಬರೂ ನನಗೆ ತಿನ್ನಿಸಿ ಪುಣ್ಯ ಕಟ್ಟಿಕೊಂಡರು.

ಓದುವವರು ಇದನ್ನೆಲ್ಲ ಓದಿ ನಗಬೇಕೆಂದೇ ನಾನು ಬರೆಯುತ್ತಿದ್ದೇನೆ. ಆದರೆ ಆ ಮೊದಲ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ನಗಲಿಲ್ಲ. ಕೆಂಪು ನಿಂತಿತ್ತು, ಆದರೆ ಒಳಗಿನ ಬೆರಳು ಮತ್ತೆ ಮುಟ್ಟಿರಲಿಲ್ಲ. ನಾನು ಬೆನ್ನಮೇಲೆ ಮಲಗಿ ಹೆಂಚಿನ ಸಾಲುಗಳನ್ನು ನೋಡುತ್ತ, ಕಿವಿಯನ್ನು ಹೊರಗಿನ ಸದ್ದಿನಿಂದ ಕಿತ್ತು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ನಮ್ಮವರು ಕಚೇರಿ ಮುಗಿಸಿ ಸಂಜೆ ಬರುವಾಗ ಮಾಟುಂಗದ ಉಡುಪಿ ಹೋಟೆಲಿನಿಂದ ಥರ್ಮಾಸಿನಲ್ಲಿ ಕಾಫಿ ತರುತ್ತಿದ್ದರು, ಅದನ್ನು ನನ್ನ ತುಟಿಗೆ ಹಿಡಿದು, ಕಣ್ಣಲ್ಲೇ "ಏನಾದರೂ?" ಎಂದು ಕೇಳುವರು. ನಾನು ಇಲ್ಲವೆಂದು ತಲೆಯಾಡಿಸುವೆ. ಅತ್ತೆಯವರು ಕೇಳುತ್ತಿರಲಿಲ್ಲ. ಅವರು ನನ್ನ ಮುಖವನ್ನು ನೋಡುವುದನ್ನೇ ಬಿಟ್ಟಿದ್ದರು. ಅವರ ನೋಟಕ್ಕೆ ಹೆದರಿ ಬದುಕಿದವಳಿಗೆ ಆ ನೋಟ ಇಲ್ಲದ್ದು ಇನ್ನೂ ಹೆದರಿಕೆ ಹುಟ್ಟಿಸಿತು. ಅವರ ಮನಸ್ಸಿನಲ್ಲಿ ನಾನು ಎರಡನೆಯ ಸಲವೂ ನಪಾಸಾದೆ ಎಂದುಕೊಂಡೆ.

ಒಂದು ಮಧ್ಯಾಹ್ನ ನಾನು ನಿದ್ದೆ ಹೋಗಿದ್ದೇನೆಂದು ತಿಳಿದು ಇಬ್ಬರೂ ಕಿಟಕಿಯ ಹೊರಗೆ ಕೂತು ಮಾತಾಡುತ್ತಿದ್ದರು. ರೋಜಾ ಮಾಯ್ ಹುಣಸೆಯ ಬೀಜ ಬಿಡಿಸುತ್ತಿದ್ದ ಸದ್ದು. ಅತ್ತೆಯವರ ಮರಾಠಿ ಅರ್ಧ ದಾರಿಯಲ್ಲಿ ಕೈಕೊಟ್ಟು ಕನ್ನಡಕ್ಕೆ ಇಳಿಯಿತು. ಕೇಳುವವಳಿಗೆ ತಿಳಿಯಿತೋ ಇಲ್ಲವೋ ಎಂಬುದರ ಪರಿವೆಯೇ ಅವರಿಗಿರಲಿಲ್ಲ.

"ಮಗ ಬ್ಯಾಡಂದಿದ್ದ. ಇಕಿ ಒಂದ ಮಾತು ಆಡಲಿಲ್ಲ, ನಾ ಏಳು ಅಂದೆ, ಎದ್ದು ಬಂದಳು. ನಂದೂ ಒಂದು ಹೋಗಿತ್ತು, ಇಂವಾ ಹುಟ್ಟೋಕಿಂತ ಮೊದಲು. ಆವಾಗ ನಮ್ಮತ್ತಿ ನನ್ನ ಕೂಡ ವರ್ಷಾನುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಈಗ ಇಕೀನ ಮುಖಾ ನಾ ಹೆಂಗ ನೋಡಲಿ?"

ರೋಜಾ ಮಾಯ್ ತನ್ನ ಮರಾಠಿಯಲ್ಲಿ, "ನನ್ನವು ಎರಡು, ಆ ಇಗರ್ಜಿಯ ಹಿಂದೆ ಮಣ್ಣಿನಲ್ಲಿವೆ" ಎಂದಳು. ಬೀಜ ಬಿಡಿಸುವ ಸದ್ದು ಮತ್ತೆ ಕೇಳಿಸಿತು, ಈಗ ಎರಡು ಜೊತೆ ಕೈಗಳದ್ದು.

ನಾನು ಕಣ್ಣು ಮುಚ್ಚಿಯೇ ಇದ್ದೆ. ಅಷ್ಟು ದಿನ ಅವರು ನನ್ನನ್ನು ಪರೀಕ್ಷಿಸುತ್ತಿದ್ದಾರೆಂದು ತಿಳಿದಿದ್ದೆ. ಅವರು ತಾವೇ ಪರೀಕ್ಷೆಗೆ ಕೂತಿದ್ದರು. ಎದ್ದು ಹೋಗಿ ಅವರ ಪಕ್ಕದಲ್ಲಿ ಕೂಡಬೇಕೆನಿಸಿತು. ಏಳುವ ಹಾಗಿರಲಿಲ್ಲ.

ಇದಾದ ಮೇಲೆ ಒಂದೆರಡು ದಿನಕ್ಕೆ ಜಗಳ ಹತ್ತಿತು. ಜಗಳದ ಮೂಲ ಒಂದು ಮೊಟ್ಟೆ. ಎಲುಬು ಕೂಡಬೇಕಾದರೆ, ಕೂಸು ಗಟ್ಟಿಯಾಗಬೇಕಾದರೆ ಹಸಿ ಮೊಟ್ಟೆಯನ್ನು ಹಾಲಿನಲ್ಲಿ ಕಲಸಿ ಕುಡಿಸಬೇಕೆಂದು ರೋಜಾ ಮಾಯ್ ಲೋಟ ಹಿಡಿದು ಬಂದಳು. ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು.

"ತತ್ತಿ! ನಮ್ಮ ಮನೆತನದಾಗ ಹಿಂದ ಯಾರೂ ಮುಟ್ಟಿಲ್ಲ, ಮುಂದ ಯಾರೂ ಮುಟ್ಟಂಗಿಲ್ಲ!"

"ಉಪವಾಸದ ಕಾಲದಲ್ಲಿ ನಮ್ಮ ಮನೆಯಲ್ಲೂ ಮುಟ್ಟುವುದಿಲ್ಲ ಬಾಯ್. ಆದರೆ ಪಾದ್ರಿಯವರೇ ಬಸುರಿಯರಿಗೆ ಮಾಫಿ ಕೊಟ್ಟಿದ್ದಾರೆ."

"ನಿಮ್ಮ ಪಾದ್ರಿ ಮಾಫಿ ಕೊಟ್ಟರ ನಮ್ಮ ಸ್ವಾಮಿಗಳು ಕೊಟ್ಟಂಗಾತೇನು?"

ಇಬ್ಬರ ಧ್ವನಿಯೂ ಏರಿತು. ಧರ್ಮ, ದೇವರು, ಕೋಳಿ, ಹಂದಿ, ಮುರಿದ ರಂಗೋಲಿ, ಬಾವಿಯ ಎರಡನೆಯ ಹಗ್ಗ, ಇಷ್ಟು ದಿನ ಮರ್ಯಾದೆಯ ಅಡಿಯಲ್ಲಿ ಅದುಮಿಟ್ಟದ್ದೆಲ್ಲ ಒಟ್ಟಿಗೆ ಎದ್ದು ಬಂತು. ಎರಡು ಮರಾಠಿಗಳ ನಡುವೆ ಕನ್ನಡವೂ ಕೈಹಾಕಿತು. ಹೊರಗೆ ಹಂದಿಯೂ ದನಿಗೂಡಿಸಿತು. ಆಗ, ಆ ಗದ್ದಲದ ನಡುಮಧ್ಯೆ, ನನ್ನ ಎಡಪಕ್ಕೆಯ ಕೆಳಗೆ ಏನೋ ಆಯಿತು. ಆಯಿತೋ, ಆಯಿತೆಂದು ನನಗೆ ಅನಿಸಿತೋ ತಿಳಿಯಲಿಲ್ಲ. ಮತ್ತೊಮ್ಮೆ ಆಗುತ್ತದೆಯೇ ಎಂದು ಕಾಯಬೇಕು. ಈ ಗಲಾಟೆಯಲ್ಲಿ ಹೇಗೆ ಕಾಯುವುದು?

"ಇಬ್ಬರೂ ಬಾಯಿ ಮುಚ್ಚರಿ!" ಎಂದು ಚೀರಿದೆ.

ನನ್ನ ಹೆಸರು ಶಾಂತಾ. ಹುಟ್ಟಿದಾಗಿನಿಂದ ಆ ಹೆಸರಿಗೆ ಒಪ್ಪುವ ಹಾಗೆ ಬಾಳಿದವಳು. ಹಿರಿಯರೆದುರು ದನಿಯೆತ್ತಿದ್ದು ಅದೇ ಮೊದಲು. ಅತ್ತೆಯವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ರೋಜಾ ಮಾಯ್‌ಗೆ ಕನ್ನಡ ಬಾರದಿದ್ದರೂ ಅರ್ಥ ಚೆನ್ನಾಗಿ ಆಗಿತ್ತು. ಬಾವಿಯ ಗಡಗಡಿಯ ಮೇಲೆ ಕಾಗೆಯೊಂದು ಕೂತು ಹಾರಿದ್ದು ಕೇಳಿಸಿತು. ಆಮೇಲೆ ಅದು ಮತ್ತೆ ಆಯಿತು. ಬೆರಳ ತುದಿಯ ಸ್ಪರ್ಶವಲ್ಲ. ಮಲಗಿದ್ದವರನ್ನು ಎಬ್ಬಿಸಿದರೆ ಸಿಟ್ಟಿಗೆದ್ದು ಒದೆಯುತ್ತಾರಲ್ಲ, ಅಂಥ ಒದೆತ.

"ಅತ್ಯಾ, ಕೈ ಕೊಡ್ರಿ" ಎಂದೆ.

ಅತ್ತೆಯವರು ಬಂದರು. ಮಡಿಯಲ್ಲಿದ್ದವರು ನನ್ನನ್ನು ಮುಟ್ಟಬಾರದೆಂಬುದು ಅವರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಅವರ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಹೊರಗಿನ ಕೈಗೆ ಇಷ್ಟು ಬೇಗ ತಿಳಿಯುವುದಿಲ್ಲವೆಂದು ಆಮೇಲೆ ಡಾಕ್ಟರು ಹೇಳಿದರು. ಆದರೆ ಅತ್ತೆಯವರು ತಮಗೆ ತಿಳಿಯಿತೆಂದೇ ಕೊನೆಯವರೆಗೂ ಸಾಧಿಸಿದರು, ನಾನು ಅವರ ಪಕ್ಷ. ಅವರು ಬಹಳ ಹೊತ್ತು ಹಾಗೆಯೇ ಕೂತಿದ್ದರು. ನಂತರ ರೋಜಾ ಮಾಯ್‌ಳ ಮುಂಗೈಯನ್ನು ಹಿಡಿದೆಳೆದು, ತಮ್ಮ ಕೈ ಇದ್ದಲ್ಲಿ ಅವಳ ಕೈಯನ್ನು ಇಟ್ಟು, ನನ್ನ ಮುಖವನ್ನು ನೋಡಿದರು. ಬಿದ್ದ ದಿನದಿಂದ ಅದೇ ಮೊದಲ ನೋಟ. ಕಣ್ಣು ತುಂಬಿತ್ತು, ಆದರೂ ಮಾತು ಮಾತ್ರ ತಮ್ಮ ಎಂದಿನ ಧಾಟಿಯದೇ.

"ಎಷ್ಟು ಜೋರು ಒದರ್ತೀಯವಾ. ಕೂಸು ಹೆದರಿ ಒದ್ದದ."

ಸ್ವಲ್ಪ ಹೊತ್ತಿನ ಮೇಲೆ ಎದ್ದು, ತಾವು ಬಾವಿಗೆ ಹೋಗಿ ಬರುವುದಾಗಿಯೂ, ಬರುವುದು ತಡವಾಗುವುದಾಗಿಯೂ ಯಾರೂ ಕೇಳದಿದ್ದರೂ ಹೇಳಿ ಹೋದರು. ಅಂದಿನಿಂದ ನಾನು ಕುಡಿದ ಹಾಲು ಒಂದಿಷ್ಟು ಹಳದಿಯಾಗಿರುತ್ತಿತ್ತು. ಅರಿಸಿನ ಹಾಕಿರಬೇಕು ಎಂದು ಅತ್ತೆಯವರು ಅಭಿಪ್ರಾಯಪಟ್ಟರು. ಹಿರಿಯರ ಮಾತನ್ನು ನಾನು ಅಲ್ಲಗಳೆಯಲಿಲ್ಲ.

ಆಮೇಲಿನ ದಿನಗಳೇ ನನ್ನ ನಿಜವಾದ ಹವಾಪಾಲಟ. ಕಾಲಿಗೆ ಪ್ಲಾಸ್ಟರ್ ಬಿತ್ತು. ಮಂಚವನ್ನು ಜಗುಲಿಗೆ ತಂದರು. ಅಲ್ಲಿಂದ ಕಾಣುತ್ತಿದ್ದದ್ದು ಕೊಯ್ದ ಗದ್ದೆ, ಅದರಾಚೆ ತಾಳೆಮರದ ಸಾಲು, ಮರ ಹತ್ತಿ ಇಳಿಯುವ ಒಬ್ಬ ಮನುಷ್ಯ, ಅಷ್ಟೆ. ಲೋಕಲುಗಳ ಊರಿನಲ್ಲಿ ಎರಡು ವರ್ಷ ಕಳೆದು ನನಗೆ ಗಡಿಬಿಡಿ ಇಲ್ಲದ ಬೆಳಿಗ್ಗೆ ಹೇಗಿರುತ್ತದೆಂಬುದೇ ಮರೆತಿತ್ತು. ಎಂದೋ ಓದಬೇಕೆಂದುಕೊಂಡಿದ್ದ ಘನಗ್ರಂಥಗಳನ್ನು ನಮ್ಮವರಿಂದ ತರಿಸಿ ತಲೆದಿಂಬಿನ ಪಕ್ಕದಲ್ಲಿ ಪೇರಿಸಿಕೊಂಡೆ. ಅವು ಬಿಸಿ ಲೋಟ ಇಡುವುದಕ್ಕೆ ಬಹಳ ಅನುಕೂಲವಾದವು. ಸಂಜೆ ಇಗರ್ಜಿಯ ಗಂಟೆ ಹೊಡೆದಾಗ ಗದ್ದೆಯಲ್ಲಿದ್ದವರೆಲ್ಲ ಇದ್ದಲ್ಲೇ ತಲೆ ಬಾಗಿಸಿ ನಿಲ್ಲುವರು. ಗಂಟೆ ಯಾವ ದೇವರದಾದರೂ ಕೈ ಮುಗಿಯದೆ ಇರುವುದು ಹೇಗೆಂದು ಅತ್ತೆಯವರಿಗೆ ತಿಳಿಯದು. ಅವರೂ ಪಾತೇಲಿ ಇಳಿಸಿ ಕೈ ಮುಗಿಯುವರು. ನಮ್ಮಿಬ್ಬರ ನಡುವೆ ಮಾತು ಬೆಳೆಯಿತು. ತಾವು ಮದುವೆಯಾಗಿ ಬಂದದ್ದು, ತಮ್ಮ ಅತ್ತೆ, ಹೋದ ಆ ಮೊದಲ ಕೂಸು, ಎಲ್ಲವನ್ನೂ ಬೇರೆ ಯಾರದೋ ಕಥೆಯೆಂಬಂತೆ, ಅಕ್ಕಿ ಆರಿಸುತ್ತ ಆರಿಸುತ್ತ ಹೇಳಿದರು. ನನ್ನದನ್ನು ನಾನೂ ಹೇಳಿದೆ. ಹೇಳಿದ ಮೇಲೆ ಹಗುರವಾಯಿತೆಂದು ಬರೆದರೆ ಅದು ಎಲ್ಲರೂ ಬರೆಯುವ ಮಾತು. ನನಗೆ ನಿದ್ದೆ ಬಂತು, ಅಷ್ಟೇ. ಎಷ್ಟೋ ತಿಂಗಳ ಮೇಲೆ ಹಗಲಿನಲ್ಲಿ, ಗಾಳಿಗೆ ಮುಖವೊಡ್ಡಿಕೊಂಡು, ಬಾಯಿ ತೆರೆದು ಗೊರಕೆ ಹೊಡೆದೆನಂತೆ.

ಈಸ್ಟರ್ ಹತ್ತಿರ ಬಂತು. ಹಬ್ಬದ ಸಡಗರ ಊರಿನಲ್ಲೆಲ್ಲ ಕಾಣತೊಡಗಿದರೂ ರೋಜಾ ಮಾಯ್‌ಳ ಮನೆಯಲ್ಲಿ ಮಾತ್ರ ಅದರ ಸುದ್ದಿಯೇ ಇರಲಿಲ್ಲ. ಪಾಸ್ಕು ಒಂದು ಸಂಜೆ ತಾಯಿಯ ಜೊತೆ ಪಿಸುಗುಟ್ಟುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ಮನೆಯಲ್ಲಿ ಬ್ರಾಹ್ಮಣರ ಬಸುರಿ ಮಲಗಿರುವಾಗ ಮಾಂಸ ಬೇಯಿಸುವುದು ಸರಿಯಲ್ಲ, ಈ ವರ್ಷ ಹಬ್ಬಕ್ಕೆ ಸಿಹಿ ಮಾಡಿದರೆ ಸಾಕೆಂಬುದು ಅವಳ ನಿರ್ಧಾರ. ಅಷ್ಟು ದಿನ ಬಾಯಿ ಕಟ್ಟಿದವರು, ಬಿಚ್ಚುವ ದಿನವೂ ಕಟ್ಟಿಕೊಳ್ಳಲು ಸಿದ್ಧರಾಗಿದ್ದರು. ಅತ್ತೆಯವರ ಕಿವಿಗೆ ಅದು ಬಿತ್ತು. ಹಬ್ಬದ ಹಿಂದಿನ ದಿನ ಅವರು ಹುಣಸೆಮರದ ಕೆಳಗಿನ ತಮ್ಮ ಮೂರು ಕಲ್ಲುಗಳನ್ನು ಒಂದೊಂದಾಗಿ ಎತ್ತಿಕೊಂಡು, ಗದ್ದೆಯಾಚೆ, ಗಾಳಿ ಬರುವ ದಿಕ್ಕಿಗಿದ್ದ ಕಣದಲ್ಲಿ ಊರಿದರು. ನಮ್ಮವರ ಮತ್ತು ಪಾಸ್ಕುವಿನ ಕೈಯಿಂದ ನನ್ನ ಮಂಚವನ್ನೂ ಅಲ್ಲಿಗೆ ಹೊರಿಸಿ, ಮೇಲೆ ತಾಳೆಗರಿಯ ಮರೆ ಕಟ್ಟಿಸಿದರು.

"ನಾವು ನಾಳೆ ಒಂದಿನ ವನಭೋಜನ ಮಾಡ್ತೀವಿ" ಎಂದರು ರೋಜಾ ಮಾಯ್‌ಗೆ. "ನೀವು ನಿಮ್ಮ ಹಬ್ಬ ಮಾಡ್ರಿ. ಇಷ್ಟು ಕಟ್ಟುನಿಟ್ಟಾಗಿ ಉಪವಾಸ ಹಿಡದವರು ಪಾರಣಿ ಮಾಡದ ಬಿಟ್ಟರ ನನಗ ಪಾಪ ಹತ್ತತದ."

ಪಾರಣೆ ಎಂಬ ಶಬ್ದ ರೋಜಾ ಮಾಯ್‌ಗೆ ತಿಳಿಯಲಿಲ್ಲ, ತಿಳಿಸಿ ಹೇಳಬೇಕಾಯಿತು. ತಿಳಿದ ಮೇಲೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಮರುದಿನ ಅವಳ ಮನೆಯಲ್ಲಿ ಹಬ್ಬ ನಡೆಯಿತು, ಪರೇಲಿನಿಂದ ಪಾಸ್ಕುವಿನ ಗೆಳೆಯರೂ ಬಂದರು. ಗಾಳಿಯ ದಿಕ್ಕನ್ನು ಅತ್ತೆಯವರು ಅಷ್ಟು ಎಚ್ಚರದಿಂದ ಲೆಕ್ಕ ಹಾಕಿದ್ದರೂ ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಮಸಾಲೆಯಲ್ಲಿ ಬೇಯುತ್ತಿದ್ದುದರ ಪರಿಮಳ ಗದ್ದೆ ದಾಟಿ ನಮ್ಮ ವನಭೋಜನದ ಮೇಲೆ ಕವಿಯಿತು. ಅತ್ತೆಯವರು ಮೂಗಿಗೆ ಸೆರಗು ಹಿಡಿದರು. ನಾನೂ ಹಿಡಿದೆ, ನನ್ನ ಬಾಯಲ್ಲಿ ನೀರೂರಿದ್ದು ಅವರಿಗೆ ಕಾಣಬಾರದೆಂದು ಹಿಡಿದೆ. ಆ ಆಸೆ ಹೊಟ್ಟೆಯಲ್ಲಿದ್ದವರದ್ದೇ ಹೊರತು ನನ್ನದಲ್ಲ ಎಂಬುದು ಇಂದಿಗೂ ನನ್ನ ವಾದ.

ಹಬ್ಬ ಕಳೆದ ವಾರದಲ್ಲಿ ಡಾಕ್ಟರು ಪ್ಲಾಸ್ಟರ್ ಕತ್ತರಿಸಿದರು. ಒಳಗಿನಿಂದ ಹೊರಬಂದ ಕಾಲು ಸುಣ್ಣದಂತೆ ಬಿಳಿ, ಬಳ್ಳಿಯಂತೆ ಸಣ್ಣ. ಇದು ನನ್ನದೇನು ಎಂದು ಕೇಳಬೇಕೆನಿಸಿತು. ಒಂದು ಕಡೆ ಅತ್ತೆ, ಇನ್ನೊಂದು ಕಡೆ ರೋಜಾ ಮಾಯ್ ಹೆಗಲು ಕೊಟ್ಟರು. ಬಲಗಾಲನ್ನೇ ಮುಂದಿಡಬೇಕು, ಶುಭ ಎಂದರು ಅತ್ತೆ. ಮುರಿದದ್ದೇ ಬಲಗಾಲು, ಒಳ್ಳೆಯ ಕಾಲನ್ನು ಮೊದಲು ಇಡಲಿ ಎಂದಳು ರೋಜಾ ಮಾಯ್. ಇಬ್ಬರೂ ನನ್ನ ತಲೆಯ ಮೇಲಿನಿಂದ ವಾದ ಮಾಡುತ್ತಿರುವಾಗ ಯಾವ ಕಾಲು ಮೊದಲು ಹೋಯಿತೋ ನನಗೆ ಗೊತ್ತಾಗಲಿಲ್ಲ. ನೋಡುತ್ತೇನೆ, ಬಾವಿಯ ಕಟ್ಟೆಯ ಹತ್ತಿರ ನಿಂತಿದ್ದೇನೆ. ನಿಂತಿದ್ದೇನೆ ಎಂಬ ಸಾಧಾರಣ ಕ್ರಿಯಾಪದದಲ್ಲಿ ಅಷ್ಟು ಸುಖವಿದೆಯೆಂದು ವ್ಯಾಕರಣ ಓದುವಾಗ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ. ಆದರೆ ರಾತ್ರಿಯಿಡೀ ರೈಲಿನಲ್ಲಿ ಕುಲುಕಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ನಾನು ಮಾಟುಂಗಕ್ಕೆ ಮರಳಿ ಅಲ್ಲೇ ಉಳಿದೆ. ಅತ್ತೆಯವರೂ ಉಳಿದರು, ಮಾವನವರ ಊಟದ ಗತಿಯೇನೆಂದು ನಾದಿನಿಯಿಂದ ಬಂದ ಪತ್ರಗಳಿಗೆಲ್ಲ "ಅವರಿಗೆ ಒಲಿ ಹಚ್ಚಲಿಕ್ಕೆ ಕಲಿಸು" ಎಂದು ಉತ್ತರ ಬರೆಸಿದರು. ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ ನಮ್ಮ ಬೀದಿಯ ಹೆರಿಗೆಮನೆಯಲ್ಲಿ ಮಗಳು ಹುಟ್ಟಿದಳು. ಗಟ್ಟಿಯಾಗಿದ್ದಳು, ಜೋರಾಗಿ ಅಳುತ್ತಿದ್ದಳು. ನಮ್ಮವರು ಕೊಡೆ ಹಿಡಿದು ಧಾರವಾಡಕ್ಕೆ ತಂತಿ ಕೊಡಲು ಅಂಚೆ ಕಚೇರಿಯ ಕಡೆಗೆ ಹೊರಟಿದ್ದರು. ಅತ್ತೆಯವರು ಬಾಗಿಲಿನಲ್ಲಿ ಅವರನ್ನು ತಡೆದದ್ದು ನನಗೆ ಮಲಗಿದಲ್ಲಿಂದ ಕೇಳಿಸಿತು.

"ತಾರು ಆಮ್ಯಾಲೆ ಕೊಡು. ಮೊದಲು ಅಂಧೇರಿಗೆ ಹೋಗಿ ಹೇಳಿ ಬಾ."

"ಅವ್ವಾ, ಅಪ್ಪ ಕಾಯ್ತಿರತಾರ."

"ಅವರಿಗೆ ಇಷ್ಟು ದಿನ ಕಾದು ರೂಢಿ ಆಗ್ಯದ. ನೀ ಮೊದಲು ಅಂಧೇರಿಗೆ ನಡಿ."

ಅದು ಗದ್ದೆಯಲ್ಲಿ ನಾಟಿಯ ಕಾಲ; ಒಂದು ದಿನ ಬಿಟ್ಟರೂ ಸಸಿ ಕೆಡುತ್ತದೆ. ರೋಜಾ ಮಾಯ್ ಬರಲಾರಳೆಂದೇ ನಾನು ತಿಳಿದಿದ್ದೆ. ಅವಳು ನಮ್ಮವರ ಹಿಂದೆಯೇ, ಅದೇ ಮಧ್ಯಾಹ್ನ, ಹಬ್ಬಕ್ಕೆ ಉಡುವ ಕೆಂಪು ಸೀರೆಯುಟ್ಟು, ಉಗುರಿನ ಸಂದಿಯಲ್ಲಿ ಇನ್ನೂ ಗದ್ದೆಯ ಕೆಸರಿಟ್ಟುಕೊಂಡು ಬಂದಳು. ಅತ್ತೆಯವರು ಅವಳಿಗೆ ಕೈತೊಳೆಯಲು ನೀರು ಹಾಕಿ, ಕೂಸನ್ನು ತಂದು ಅವಳ ತೊಡೆಯ ಮೇಲೆ ಇಟ್ಟು, ತಾವೂ ಒತ್ತಿಕೊಂಡು ಕೂತರು. ಮೂಗು ಥೇಟ್ ನನ್ನ ಮಗನದು ಎಂದರು ಅತ್ತೆ. ಅಲ್ಲವೇ ಅಲ್ಲ, ಇದು ತಾಯಿಯ ಮೂಗು ಎಂದಳು ರೋಜಾ ಮಾಯ್. ಕಿವಿಯ ಮಾತು ಬಂತು, ಹಣೆಯ ಮಾತು ಬಂತು. ಎರಡು ಮರಾಠಿಗಳೂ ಒಂದು ಕನ್ನಡವೂ ನನ್ನ ಹಾಸಿಗೆಯ ಪಕ್ಕದಲ್ಲಿ ಮತ್ತೆ ಏರುದನಿಯಲ್ಲಿ ಕಾದಾಡತೊಡಗಿದವು. ಹೊರಗೆ ಮಳೆ ಸುರಿಯುತ್ತಿತ್ತು. ನಾನು ಗೋಡೆಯ ಕಡೆಗೆ ಹೊರಳಿ ಕಾಲು ಚಾಚಿಕೊಂಡೆ. ಅವರಿಬ್ಬರೂ ಇದ್ದಾರೆ, ಕೂಸನ್ನು ನೋಡಿಕೊಳ್ಳುತ್ತಾರೆ ಎಂದುಕೊಂಡವಳು, ಆ ಗದ್ದಲದಲ್ಲೇ ನಿದ್ದೆ ಹೋದೆ.